ಬಲಗೆನ್ನೆ

ನನ್ನ ಅಂಗಡಿಗೆ ಕಿಟಕಿಯಿಲ್ಲ.
ಕೂಬರ್ ಪೀಡಿಯಲ್ಲಿ ಯಾರೂ ಅದಕ್ಕೆ ಬೇಸರಿಸುವುದಿಲ್ಲ.
ಹನ್ನೆರಡು ಮೆಟ್ಟಿಲಿಳಿದರೆ ಕೆಂಪು ಮರಳುಗಲ್ಲಿನ ಗೋಡೆ,
ಒಂದು ಕುರ್ಚಿ, ಕನ್ನಡಿ, ಗುಂಯ್‌ಗುಡುವ ಟ್ಯೂಬ್‌ಲೈಟು,
ಮತ್ತೆ ನಾನು, ರಾದ್ಮಿಲಾ,
ಕತ್ತರಿ ಹಿಡಿದು ಇಪ್ಪತ್ತೆರಡು ವರ್ಷ.
ಮೇಲೆ ನಲವತ್ತಾರು ಡಿಗ್ರಿ. ಕೆಳಗೆ ಇಪ್ಪತ್ತನಾಲ್ಕು.

ಮುಖ ನೋಡಿ ಮಣೆ ಹಾಕು ಅನ್ನುತ್ತಾರೆ.
ಸ್ತಮಾತಿಸ್ ಬಂದು ಕೂತರೆ
ಯಾವ ಮುಖ ನೋಡಿ ಹಾಕಲಿ?
ಎಡಗೆನ್ನೆಗೆ ನಲವತ್ತೈದು, ಬಲಗೆನ್ನೆಗೆ ಎಪ್ಪತ್ತರ ಮೇಲೆ.
ಎಡಕ್ಕೆ ಕತ್ತಿ ತಾನಾಗಿ ಜಾರುತ್ತದೆ.
ಬಲಕ್ಕೆ ಬಂದಾಗ ಚರ್ಮವನ್ನು ಎರಡು ಬೆರಳಲ್ಲಿ ಎಳೆದು ಹಿಡಿದು
ಒಂದೊಂದೇ ನೆರಿಗೆ ಬಿಡಿಸಿ
ಒಳಗೆ ಬಚ್ಚಿಟ್ಟುಕೊಂಡ ಬಿಳಿಗೂದಲನ್ನು ಹುಡುಕಬೇಕು.
"ನಿಜವಾದ ವಯಸ್ಸೆಷ್ಟಪ್ಪ?" ಎಂದು ಮೊದಲ ಸಲ ಕೇಳಿದಾಗ
"ಮಧ್ಯೆ ಮೂಗಿದೆಯಲ್ಲ, ಅದನ್ನು ಕೇಳು" ಅಂದಿದ್ದ.

ಲೆಕ್ಕ ಇಷ್ಟೇ:
ಅಡಿಲೇಡಿನಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ರಸ್ತೆ ಬಡಗಣಕ್ಕೆ.
ಇಲ್ಲಿ ಸ್ಟಿಯರಿಂಗು ಬಲಗಡೆ.
ನಸುಕಿಗೆ ಲಾರಿ ಹೊರಟರೆ ಮೂಡಣದ ಬಿಸಿಲು ಬಲಕ್ಕೆ.
ಸರಕು ಇಳಿಸಿ, ತೆಂಕಣಕ್ಕೆ ತಿರುಗಿ,
ಮಧ್ಯಾಹ್ನ ದಾಟಿ ಓಡಿಸಿದರೆ
ಪಡುವಣದ ಬಿಸಿಲೂ ಬಲಕ್ಕೇ.
ಮೂವತ್ತೊಂದು ವರ್ಷ.
"ಗಾಜು ಏರಿಸಿಯೇ ಇರುತ್ತಿದ್ದೆ" ಅನ್ನುತ್ತಾನೆ.
ಮೈ ಕೆಂಪಾಗಿಸುವ ಕಿರಣವನ್ನು ಗಾಜು ತಡೆಯುತ್ತದಂತೆ,
ಒಳಕ್ಕಿಳಿದು ಎಳೆ ಬಿಚ್ಚುವುದನ್ನು ಬಿಟ್ಟುಕೊಡುತ್ತದಂತೆ.
ಉರಿಯಲಿಲ್ಲ.
ಹಾಗಾಗಿ ಗೊತ್ತಾಗಲಿಲ್ಲ.

ಅವನ ತಮ್ಮ ಲೆಫ್ತೆರಿಸ್ ಓಪಲ್ ಗಣಿಯವನು, ಹಗಲೆಲ್ಲ ನೆಲದಡಿ.
ಐವತ್ತೈದಾದರೂ ಹಣೆಯಲ್ಲಿ ಒಂದು ಗೆರೆಯಿಲ್ಲ.
ಕೆಮ್ಮಿದರೆ ಮಾತ್ರ ತೊಂಬತ್ತರ ಮುದುಕ.

ನನ್ನದನ್ನೂ ಹೇಳಬೇಕಲ್ಲ.
ಮೇಲ್ದುಟಿಯ ಈ ಗೀರುಗಳು ಬಿಸಿಲಿನವಲ್ಲ.
ದಿನಕ್ಕೆ ಒಂದೂವರೆ ಪ್ಯಾಕು,
ಝೋರಾನ್ ಬಿಟ್ಟುಹೋದ ಮೇಲೆ
ರಾತ್ರಿ ಮೂರರ ತನಕ ಬಾರಿನಲ್ಲಿ ಲೋಟ ತೊಳೆಯುವ ಕೆಲಸ,
ಊಟದ ಹೊತ್ತಿಗೆ ಕೋಲಾ.
ಸಿಗರೇಟು ಬಿಟ್ಟು ಆರು ವರ್ಷವಾಯಿತು.
ತುಟಿಗೆ ಸುದ್ದಿ ತಲುಪಿಲ್ಲ,
ಇನ್ನೂ ಏನನ್ನೋ ಎಳೆಯಲು ಹೊರಟು ಮುದುಡಿಯೇ ಇದೆ.

ಹೋದ ತಿಂಗಳು ಅವನ ಬಲಗಿವಿಯ ಅಂಚಿನಲ್ಲಿ
ಮುತ್ತಿನ ಬಣ್ಣದ ಒಂದು ಕಾಳು. ಬೆರಳು ನಿಂತಿತು.
"ಏನು, ಓಪಲ್ ಸಿಕ್ಕಿತೆ?" ಅಂದ.
ನಾನು ನಗಲಿಲ್ಲ.
ವಿಮಾನದಲ್ಲಿ ಬರುವ ಡಾಕ್ಟರು ಕೊಯ್ದು ತೆಗೆದರು. ನಾಲ್ಕು ಹೊಲಿಗೆ.

ಇವತ್ತು ಬಂದವನು ದುಡ್ಡಿಗೆಂದು ಪರ್ಸು ತೆರೆದಾಗ
ಫೋಟೋ ಒಂದು ಜಾರಿ ಕೂದಲ ರಾಶಿಯ ಮೇಲೆ ಬಿತ್ತು.
ಪೋರ್ಟ್ ಅಗಸ್ಟಾ, ಲಾರಿಯ ಮುಂದೆ ಅವನು, ಕತೀನಾ.
ಹದಿನಾರು ವರ್ಷ ಎಡಗಡೆಯ ಸೀಟಿನಲ್ಲಿ ಕೂತು
ಕಿತ್ತಳೆ ಸುಲಿದು ತೊಳೆ ತೊಳೆ ಅವನ ಬಾಯಿಗಿಟ್ಟವಳು.
ಈಗ ಇಲ್ಲ.
ಕಸುಬಿನ ಕಣ್ಣು, ಮೊದಲು ಚರ್ಮವನ್ನೇ ನೋಡುತ್ತದೆ:
ಬೆಂದಿರುವುದು ಅವನ ಬಲಗೆನ್ನೆ, ಅವಳ ಎಡಗೆನ್ನೆ.
ಒಳಗಿನವೆರಡು,
ದಾರಿಯುದ್ದಕ್ಕೂ ಒಂದನ್ನೊಂದು ನೋಡಿಕೊಂಡು ಬಂದವು,
ಎಳೆಯವಾಗಿಯೇ ಇದ್ದವು.

ಕೂದಲು ಕೊಡವಿ ಫೋಟೋ ಕೈಗಿತ್ತೆ.
ಡಾಕ್ಟರು ಕೊಟ್ಟ ಕ್ರೀಮಿನ ಬಾಟಲಿಯನ್ನು ಅವನು ತೋರಿಸಿದ,
"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು."
"ಇನ್ನೊಂದು ಕಿವಿ ಉಳಿದಿದೆ" ಅಂದೆ.
"ಎರಡು ಬೆರಳುದ್ದ ಹಿಂಡಿಕೋ, ಎರಡು ಗಂಟೆಗೊಮ್ಮೆ. ಕುತ್ತಿಗೆ ಮರೆಯಬೇಡ."

ಹಿಂಡಿಕೊಂಡ. ಕನ್ನಡಿಯ ಹತ್ತಿರ ಬಗ್ಗಿ
ನಿಧಾನ, ಎಡಗೆನ್ನೆಗೆ ಹಚ್ಚತೊಡಗಿದ.
"ಬಿಸಿಲು ಬೀಳುವುದು ಆ ಕಡೆ ಕಣೋ."
"ಗೊತ್ತು" ಅಂದ.

ಹದಿನೆಂಟು ಡಾಲರು ಇಟ್ಟು ಹೊರಟ.
ಮೇಲಿನ ಬಾಗಿಲು ತೆರೆದಾಗ
ಬೆಳಕು ಮೂರನೇ ಮೆಟ್ಟಿಲ ತನಕ ಇಳಿಯಿತು.